ಬಾವಿಗೆ ಸುರಿದ ಹತ್ತಿ

ದೀಪ ಇರಲಿ ಬಿಡಿ, ಆರಿಸುವುದು ಬೇಡ. ಇದು ಹೆದರಿಸಲು ಹೇಳುವ ಕತೆಯಲ್ಲ. ಹೆದರಿಕೆ ಬೇಕಿದ್ದರೆ ಬೇರೆಯವರನ್ನು ಕೇಳಿ, ಪಾದ ಹಿಂದುಮುಂದಾದ ಹೆಂಗಸು, ತಲೆಯಿಲ್ಲದ ಮುದುಕ, ಎಲ್ಲರೂ ಸಿಗುತ್ತಾರೆ. ಇದರಲ್ಲಿ ಅಂಥವರು ಯಾರೂ ಇಲ್ಲ. ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ನಮಗೆಲ್ಲ ಅವಳು ಅಕ್ಕ, ಅವಳ ಗಂಡ ಭಾವ. ಅಕ್ಕ ಈಗಲೂ ಇದ್ದಾಳೆ. ಮಾತಾಡುವುದು ಮಾತ್ರ ಪಿಸುದನಿಯಲ್ಲಿ... ಹುಟ್ಟಿನಿಂದ ಹಾಗಲ್ಲ. ಮೊದಲೆಲ್ಲ ಅಕ್ಕ ಬೀದಿಯ ಆ ತುದಿಯಲ್ಲಿ ನಿಂತು ಕೂಗಿದರೆ ಈ ತುದಿಯಲ್ಲಿ ನಾವು ಆಟ ಬಿಟ್ಟು ಓಡಿ ಬರುತ್ತಿದ್ದೆವು. ಆ ದನಿ ಎಲ್ಲಿ ಹೋಯಿತು ಅನ್ನುವುದನ್ನೇ ಈಗ ಹೇಳುತ್ತೇನೆ.

ಆ ರಾತ್ರಿ ಗಂಡ ಹೆಂಡತಿ ತಡವಾಗಿ ಮನೆಗೆ ಬರುತ್ತಿದ್ದರು. ಭಾವನ ಕೆಲಸ ಹತ್ತಿ ಹಿಂಜಿ ಹಾಸಿಗೆ, ದಿಂಬು ಹೊಲಿಯುವುದು. ಊರಾಚೆ ಹೊಸದಾಗಿ ತೆರೆದ ಲಾಡ್ಜಿಗೆ ಹಾಸಿಗೆಗಳನ್ನು ಹಾಕಿಕೊಟ್ಟು ಖಾಲಿ ತಳ್ಳುಗಾಡಿಯೊಂದಿಗೆ ಹಿಂದಿರುಗುತ್ತಿದ್ದರು. ಗಾಡಿಯ ಒಂದು ಚಕ್ರ ಸೊಟ್ಟ. ಕಟಕ್... ಕಟಕ್... ಬೀದಿಯಲ್ಲಿ ಅದೊಂದೇ ಸದ್ದು. ಮನೆಗೆ ತಿರುಗುವ ಮೊದಲು ಒಂದು ಹಳೆಯ ಬಾವಿ ಸಿಗುತ್ತದೆ. ನಲ್ಲಿ ಬಂದ ಮೇಲೆ ಆ ಬಾವಿಯ ನೀರು ಯಾರಿಗೂ ಬೇಕಾಗಿರಲಿಲ್ಲ. ಹಗ್ಗವನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಕಬ್ಬಿಣದ ರಾಟೆ ಮಾತ್ರ ಮೇಲೆ ತುಕ್ಕು ಹಿಡಿದು ನೇತಾಡುತ್ತಿತ್ತು.

ಚಕ್ರ ನಿಂತಿತು. ಭಾವ ಗಾಡಿಯ ಹಿಡಿ ಬಿಟ್ಟಿರಲಿಲ್ಲ, ಸುಮ್ಮನೆ ನಿಂತಿದ್ದ.

"ಕರೆದ್ಯಾ?"

"ಇಲ್ವಲ್ಲ."

"ಕರೆದೆ ಕಣೇ. ಏನ್ರೀ ಅಂದೆ."

"ನಾನು ಬಾಯೇ ಬಿಟ್ಟಿಲ್ಲ ರೀ..."

ಅಕ್ಕ ನಿಂತದ್ದು ಅವನ ಎಡಕ್ಕೆ. ಅವನು ಮುಖ ತಿರುಗಿಸಿದ್ದು ಬಲಕ್ಕೆ, ಬಾವಿಯ ಕಡೆಗೆ. ಗಾಳಿ ಇರಲಿಲ್ಲ. ಪಕ್ಕದ ಮನೆಯ ತಂತಿಯ ಮೇಲೆ ಒಣಹಾಕಿದ್ದ ಬಟ್ಟೆ ಕೂಡ ಅಲುಗುತ್ತಿರಲಿಲ್ಲ. ಆದರೂ ರಾಟೆ ಅರ್ಧ ಸುತ್ತು ತಿರುಗಿತು. ಕಿರ್ರ್ರ್... ಆಮೇಲೆ ಮತ್ತೆ ಸುಮ್ಮನಾಯಿತು.

"ನಡೀರಿ ಮನೆಗೆ," ಎಂದಳು ಅಕ್ಕ. ಮನೆ ಮುಟ್ಟುವವರೆಗೆ ಅವಳು ಹಿಂದಿರುಗಿ ನೋಡಲಿಲ್ಲ. ಬಾವಿಯೊಳಗೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಹಾಕಿದವಳೇ ಅವಳು.

ಮೊದಲಿನಿಂದ ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಅಕ್ಕನದು ಎರಡನೇ ಸಂಬಂಧ. ಅಂದರೆ ಭಾವನಿಗೆ ಎರಡನೆಯದು. ಮೊದಲಿನವಳು ಜ್ವರ ಬಂದು ತೀರಿಕೊಂಡಿದ್ದಳು. ತಂಗಿಯ ಮದುವೆ ಮೊದಲೇ ಆಗಿಹೋಗಿ, ಅಕ್ಕ ಮನೆಯಲ್ಲೇ ಉಳಿದು, ದೊಡ್ಡಮ್ಮ ಅವಳ ಮುಂದೆಯೇ ನಿಟ್ಟುಸಿರು ಬಿಡಲು ಶುರುಮಾಡಿದ ಕಾಲದಲ್ಲಿ ಈ ಸಂಬಂಧ ಬಂತು. ಮನುಷ್ಯ ಒಳ್ಳೆಯವನು, ಕುಡಿಯುವುದಿಲ್ಲ, ಕೈಯಲ್ಲಿ ಕೆಲಸ ಇದೆ ಎಂದರು. ಅಷ್ಟೂ ನಿಜವೇ ಆಗಿತ್ತು. ಹತ್ತಿಯ ಎಳೆ ಕೂದಲು, ಹುಬ್ಬು, ಮೀಸೆಯ ಮೇಲೆಲ್ಲ ಕೂತು ಭಾವ ಸಂಜೆಯಾಗುವಷ್ಟರಲ್ಲಿ ಮುದುಕನಾಗಿಬಿಡುತ್ತಿದ್ದ, ಸ್ನಾನ ಮಾಡಿ ಬಂದರೆ ಮತ್ತೆ ಹರೆಯದವನು. "ನಮ್ಮಕ್ಕನಿಗೆ ದಿನಕ್ಕೆ ಇಬ್ಬರು ಗಂಡಂದಿರು" ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅಕ್ಕ ನಗುತ್ತಿದ್ದಳು. ಆ ನಗು ಬಾಯಿಂದ ಆಚೆಗೆ, ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ಭಾವ ಮಾತಿನವನಲ್ಲ. ಹಗಲೆಲ್ಲ ಅಂಗಡಿಯಲ್ಲಿ ಹಿಂಜುವ ಬಿಲ್ಲಿನ ತಂತಿಗೆ ಮರದ ಕೊಡತಿಯಿಂದ ಬಾರಿಸುತ್ತಿದ್ದ. ಟಂಯ್... ಟಂಯ್... ಟಂಯ್... ಮನೆಗೆ ಬಂದರೆ ಅದರ ಹತ್ತರಲ್ಲೊಂದು ಸದ್ದೂ ಅವನಿಂದ ಇರಲಿಲ್ಲ. ಬಡಿಸಿದ್ದನ್ನು ತಿನ್ನುತ್ತಿದ್ದ. "ಸುಸ್ತಾಯ್ತಾ?" ಎಂದು ಒಂದು ಮಾತು ಕೇಳುತ್ತಿದ್ದ. ಅಕ್ಕ "ಇಲ್ಲ" ಎನ್ನುತ್ತಿದ್ದಳು. ಅಲ್ಲಿಗೆ ಅವತ್ತಿನ ಮಾತು ಮುಗಿಯುತ್ತಿತ್ತು. ಮೊದಲಿನವಳ ಜೊತೆಗೂ ಹೀಗೆಯೇ ಇದ್ದನೋ, ಅಥವಾ ಮಾತೆಲ್ಲ ಅವಳ ಜೊತೆಗೇ ಖರ್ಚಾಗಿಹೋಯಿತೋ? ಪಾತ್ರೆ ತೊಳೆಯುತ್ತಾ ಅಕ್ಕ ಇದನ್ನೇ ಯೋಚಿಸುತ್ತಿದ್ದಳು. ಮೊದಲಿನವಳ ಕಪಾಟು, ಅವಳ ಕನ್ನಡಿ, ಅವಳು ಹೊಡೆದ ಮೊಳೆಗೆ ತನ್ನ ಟವೆಲು. ಬೇರೆಯವರ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ ಅವಳಿಗೆ ಅನಿಸುತ್ತಿತ್ತು.

ರಾತ್ರಿ ಭಾವ ನಿದ್ದೆಯಲ್ಲಿ ಮಾತಾಡುತ್ತಿದ್ದ. "ಹೋಗಬೇಡ... ಹೋಗಬೇಡ ಕಣೇ..." ಹಾಗೆ ಹೇಳುತ್ತಾ ದಿಂಬಿಗೆ ಕೆನ್ನೆ ಒತ್ತುತ್ತಿದ್ದ. ಪಕ್ಕದಲ್ಲಿ ಅಕ್ಕ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾ ಮಲಗಿರುತ್ತಿದ್ದಳು. ಯಾರಿಗೆ ಹೇಳುತ್ತಿದ್ದಾನೆ ಎಂದು ಬೇರೆ ಯಾರಾದರೂ ಬಿಡಿಸಿ ಹೇಳಬೇಕೆ? ಹೋಗಿರುವವಳು ಒಬ್ಬಳೇ ತಾನೆ.

ಆ ದಿಂಬಿನ ವಿಷಯ ಬೇರೆಯೇ ಇತ್ತು. ಊರಿಗೆಲ್ಲ ಮೆತ್ತನೆಯ ದಿಂಬು ಮಾಡಿಕೊಡುವವನ ಸ್ವಂತ ದಿಂಬು ಗಂಟುಗಂಟು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಒಂದು ದಿನ ಅಕ್ಕ, "ಕೊಡಿ, ಬಿಚ್ಚಿ ಸರಿಮಾಡ್ತೀನಿ, ನಿಮ್ಮನ್ನ ನೋಡಿ ಅಷ್ಟು ಕೆಲಸ ನಾನೂ ಕಲ್ತಿದ್ದೀನಿ," ಎಂದಳು. ಎಂದೂ ದನಿ ಏರಿಸದ ಭಾವ ಥಟ್ಟನೆ, "ಅದನ್ನ ಮುಟ್ಟಬೇಡ," ಎಂದ. ಆಮೇಲೆ ಅವನಿಗೇ ನಾಚಿಕೆಯಾಗಿ, "ಅದು ಹಾಗೇ ಇರಲಿ ಬಿಡು," ಎಂದು ದಿಂಬನ್ನು ತಾನೇ ಎತ್ತಿಕೊಂಡು ಹೋಗಿ ಬಿಸಿಲಿಗೆ ಇಟ್ಟ. ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದ. ಅಕ್ಕನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅವತ್ತು.

ಈ ಬೆಂಕಿಗೆ ಗಾಳಿ ಹಾಕಿದವಳು ಇಸ್ತ್ರಿ ಅತ್ತೆ. ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ವಯಸ್ಸಾದ ಹೆಂಗಸು, ಎಲ್ಲರಿಗೂ ಅತ್ತೆ. ಬಟ್ಟೆಯ ಸುಕ್ಕು ತೆಗೆಯುತ್ತಾ ಮನೆಮನೆಯ ಸುಕ್ಕು ಎಣಿಸುವವಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಅಕ್ಕ ನಂಬುತ್ತಿರಲಿಲ್ಲ. ಅಕ್ಕ ಅತ್ತುಕೊಂಡು ಎಲ್ಲ ಹೇಳಿದಾಗ ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು.

"ನೋಡು ಮಗಳೇ... ಹತ್ತಿ ಮರೆಯಲ್ಲ. ತಲೆ ಇಟ್ಟೋರ ಮಾತೆಲ್ಲ ಕುಡಿದಿರುತ್ತೆ."

"ಅಂದ್ರೆ?"

"ಅವಳು ಅದರೊಳಗೇ ಇದ್ದಾಳೆ."

"ಯಾರು ಅತ್ತೆ?"

"ಇನ್ಯಾರು? ಮೊಣಕಾಲವರೆಗೆ ಜಡೆ ಇತ್ತು ಅವಳಿಗೆ. ಒಳಗೆ ಕೈ ಹಾಕಿ ನೋಡು, ಒಂದಾದ್ರೂ ಕೂದಲು ಸಿಗದಿದ್ರೆ ನನ್ನ ಕೇಳು."

ಏನು ಮಾಡಬೇಕೆಂದೂ ಅವಳೇ ಹೇಳಿಕೊಟ್ಟಳು. ಬೆಂಕಿಗೆ ಹಾಕಬಾರದು, ಹೊಗೆ ತಿರುಗಿ ಮನೆಗೇ ಬರುತ್ತದೆ. ಮಣ್ಣಿಗೆ ಹಾಕಬಾರದು, ನಾಯಿ ಕೆದರುತ್ತದೆ. ನೀರಿಗೆ ಹಾಕಬೇಕು. ಚಂದ್ರನಿಲ್ಲದ ರಾತ್ರಿ, ಯಾರೂ ನೋಡದ ಹಾಗೆ. ಹಾಕುವಾಗ ಮಾತಾಡಬಾರದು. "ಅದು ನಿನ್ನ ದನಿ ಕೇಳಬಾರದು, ತಿಳೀತಾ?" ಎಂದಳು ಅತ್ತೆ. ಅಕ್ಕ ತಲೆಯಾಡಿಸಿದಳು.

ಭಾವ ಕೆಲಸದ ಮೇಲೆ ಪರ ಊರಿಗೆ ಹೋಗಿ ಅಲ್ಲೇ ಉಳಿದ ಒಂದು ಕತ್ತಲ ರಾತ್ರಿ ಅಕ್ಕ ದೀಪ ಸಣ್ಣಗೆ ಮಾಡಿಕೊಂಡು ಕೂತಳು. ದಿಂಬಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿದಳು. ಚರ್ ಚರ್ ಎಂದು ಒಂದೊಂದೇ ದಾರ ಹರಿಯಿತು. ಒಳಗೆ ಕೈ ಹಾಕಿದಳು. ಬೆಚ್ಚಗಿತ್ತು ಎಂದು ಈಗಲೂ ಹೇಳುತ್ತಾಳೆ. ಭಾವ ಊರಲ್ಲಿರಲಿಲ್ಲ, ಬೆಳಿಗ್ಗೆಯಿಂದ ಅದರ ಮೇಲೆ ಯಾರೂ ತಲೆ ಇಟ್ಟಿರಲಿಲ್ಲ, ಆದರೂ ಬೆಚ್ಚಗಿತ್ತು. ಕೈ ಹೊರಗೆ ತೆಗೆದಾಗ ಬೆರಳಿಗೆ ಏನೋ ಸುತ್ತಿಕೊಂಡು ಬಂತು. ದೀಪದ ಹತ್ತಿರ ಹಿಡಿದಳು. ಕೂದಲು. ಉದ್ದನೆಯದು... ಎಳೆದಷ್ಟೂ ಬರುತ್ತಿತ್ತು.

ಅಕ್ಕ ಆಮೇಲೆ ಯೋಚಿಸಲಿಲ್ಲ. ಒಳಗಿದ್ದ ಹತ್ತಿಯನ್ನೆಲ್ಲ ಬಾಚಿ ಒಂದು ಚೀಲಕ್ಕೆ ತುಂಬಿದಳು, ಜೊತೆಗೆ ಒಂದು ಕಲ್ಲು ಹಾಕಿ ಬಾಯಿ ಕಟ್ಟಿದಳು. ಬಾವಿಕಟ್ಟೆಗೆ ಬಂದಳು. ಹಾಕಿ ಸುಮ್ಮನೆ ಬಂದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆದರೆ ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಬಾಯಿಗೆ ಬಂದುಬಿಟ್ಟಿತು. ಅತ್ತೆ ಹೇಳಿದ್ದು ಮರೆತೇಹೋಯಿತು. ಚೀಲವನ್ನು ಬಾವಿಯ ಮೇಲೆ ಹಿಡಿದು, ಬೀದಿಯ ಆ ತುದಿಗೆ ಕೇಳುವ ತನ್ನ ದನಿಯಲ್ಲಿ ಹೇಳಿಯೇಬಿಟ್ಟಳು.

"ಹೋಗು. ನನ್ನ ಗಂಡನ್ನ ಬಿಟ್ಟು ಹೋಗು. ಇನ್ನು ಈ ಮನೆಗೆ ಕಾಲಿಡಬೇಡ."

ದುಡುಂ... ಎಂದಿತು ಕೆಳಗೆ. ಆಮೇಲೆ ಗುಳುಗುಳು ಎಂದು ಗುಳ್ಳೆಗಳ ಸದ್ದು, ಬಹಳ ಹೊತ್ತು. ಯಾರೋ ನೀರಿನೊಳಗೆ ಉತ್ತರ ಕೊಡುತ್ತಿರುವ ಹಾಗೆ.

ಮನೆಗೆ ಬಂದು ಅಂಗಡಿಯ ಹೊಸ ಹತ್ತಿಯನ್ನು ದಿಂಬಿಗೆ ತುಂಬಿ, ಭಾವನ ಹೊಲಿಗೆಯ ಹಾಗೆಯೇ ಹೊಲಿದಿಟ್ಟಳು. ಎಷ್ಟು ಹುಷಾರಾಗಿ ಹೊಲಿದರೇನು? ಜೀವಮಾನವೆಲ್ಲ ದಿಂಬು ಹೊಲಿದವನಿಗೆ ತಿಳಿಯುವುದಿಲ್ಲವೆ? ಮಾರನೆಯ ರಾತ್ರಿ ಭಾವ ತಲೆ ಇಟ್ಟವನು ತಕ್ಷಣ ಎದ್ದು ಕೂತ. ದಿಂಬನ್ನು ಅಂಗೈಯಿಂದ ಒತ್ತಿ ನೋಡಿದ. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಅಕ್ಕ ನಿದ್ದೆ ಬಂದವಳ ಹಾಗೆ ಬಿದ್ದುಕೊಂಡು, ಈಗ ಬೈಯುತ್ತಾನೆ, ಈಗ ಕೇಳುತ್ತಾನೆ ಎಂದು ಕಾಯುತ್ತಿದ್ದಳು. ಅವನು ಕೇಳಲಿಲ್ಲ. ಗೋಡೆಯ ಕಡೆಗೆ ತಿರುಗಿ ಮಲಗಿದ. ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದು ಅಕ್ಕನಿಗೆ ಗೊತ್ತಾಯಿತು. ಸತ್ತವಳಿಗಾಗಿ ಅಳಲಿ ಬಿಡು, ಒಂದು ಸಲ ಅತ್ತು ಮುಗಿಸಲಿ ಎಂದುಕೊಂಡಳು.

ಅದಾದ ಮೇಲೆ ಲಾಡ್ಜಿನಿಂದ ಬಂದ ಆ ರಾತ್ರಿ. ಅವತ್ತಿನಿಂದ ಮನೆಯೊಳಗೂ ಶುರುವಾಯಿತು.

ಊರು ಮಲಗಿದ ಮೇಲೆ ಮೊದಲು ರಾಟೆ. ಕಿರ್ರ್ರ್... ಕಿರ್ರ್ರ್... ಆಮೇಲೆ ಚಪ್ ಚಪ್ ಎಂದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಒತ್ತಿದ ಹಾಗೆ ಸದ್ದು. ಇಷ್ಟು ಅಕ್ಕನಿಗೂ ಕೇಳುತ್ತಿತ್ತು. ಅದರ ನಂತರದ್ದು ಭಾವನಿಗೆ ಮಾತ್ರ. ಅವನು ಎದ್ದು ಕೂರುತ್ತಿದ್ದ. "ಬಂದೆ" ಎನ್ನುತ್ತಿದ್ದ. ಅಕ್ಕ ತೋಳು ಹಿಡಿದು ಜಗ್ಗಿದರೆ ತಿರುಗಿ ಅವಳ ಮುಖ ನೋಡುತ್ತಿದ್ದ, ಬಾಗಿಲು ನೋಡುತ್ತಿದ್ದ, ಮತ್ತೆ ಅವಳ ಮುಖ. ಬೆವರು ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ನೀನು ಇಲ್ಲಿದ್ದೀಯ..."

"ಇಲ್ಲೇ ಇದ್ದೀನಿ ರೀ."

"ಹಾಗಾದ್ರೆ ಅಲ್ಲಿ ಕರೀತಿರೋದು ಯಾರು?"

"ಯಾರ ದನಿ? ಅವಳದಾ?"

"ಯಾವ ಅವಳು? ನಿನ್ನ ದನಿ ಕಣೇ."

ಅಕ್ಕ ನಂಬಲಿಲ್ಲ. ತನ್ನ ಮನಸ್ಸಿಗೆ ನೋವಾಗಬಾರದೆಂದು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಳು. ಇಷ್ಟು ಹೆದರಿಕೆಯ ನಡುವೆಯೂ ಅವಳಿಗೆ ಹೊಟ್ಟೆಕಿಚ್ಚೇ! ಪ್ರೀತಿ ಇದ್ದಲ್ಲಿ ಬುದ್ಧಿ ಇರುವುದಿಲ್ಲ, ಅವಳನ್ನು ಬೈಯಬೇಡಿ.

"ಏನಂತ ಕರೀತಾಳೆ?"

"ಚಳಿ ಅಂತಾಳೆ..." ಭಾವ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. "ಯಾಕೆ ಹೊರಗೆ ಹಾಕಿದ್ರಿ ಅಂತಾಳೆ. ತಲೆ ಇಡೋಕೆ ಜಾಗ ಇಲ್ಲ ಅಂತಾಳೆ."

ಹೀಗೆ ಎಷ್ಟೋ ರಾತ್ರಿ. ಭಾವ ಇಳಿದುಹೋದ. ಅಂಗಡಿಯಲ್ಲಿ ಬಿಲ್ಲಿನ ಟಂಯ್ ಟಂಯ್ ನಡುನಡುವೆ ನಿಂತುಹೋಗುತ್ತಿತ್ತು. ಕೊಡತಿ ಎತ್ತಿ ಹಿಡಿದವನು ಹಾಗೇ ಕಿವಿಗೊಟ್ಟು ಕೂತುಬಿಡುತ್ತಿದ್ದ. ಸತ್ತವಳನ್ನು ಓಡಿಸಲು ಹೋಗಿ ಬದುಕಿದ್ದವನನ್ನೇ ಕಳೆದುಕೊಳ್ಳುತ್ತಿದ್ದೇನೆ ಎಂದು ಅಕ್ಕನಿಗೆ ಭಯವಾಯಿತು. ಒಂದು ರಾತ್ರಿ, ರಾಟೆ ಇನ್ನೂ ಶುರುವಾಗುವ ಮೊದಲೇ, ಅವನ ಕಾಲ ಬಳಿ ಕೂತು ಎಲ್ಲ ಹೇಳಿದಳು. ಇಸ್ತ್ರಿ ಅತ್ತೆಯ ಮಾತು, ಬ್ಲೇಡು, ಕೂದಲು, ಚೀಲ, ಬಾವಿ. "ನಿಮ್ಮ ಮೊದಲಿನವಳನ್ನ ನಾನೇ ನೀರಿಗೆ ಹಾಕಿದೆ ರೀ. ನನ್ನ ಹೊಡೀರಿ, ಬಡೀರಿ," ಎಂದಳು.

ಭಾವ ಅವಳ ಕಡೆ ಬಗ್ಗಿದ.

"ಅದರಲ್ಲಿ ಹಸಿರು ಬಟ್ಟೆ ಚೂರು ಇತ್ತಲ್ಲ... ನೋಡ್ಲಿಲ್ವಾ?"

"ಯಾವ ಹಸಿರು? ದೀಪ ಸಣ್ಣಗಿತ್ತು."

"ನಿನ್ನ ಅಮ್ಮನ ಮನೆಯಿಂದ ನೀನು ತಂದ ದಿಂಬಿನದು ಅದು. ಹತ್ತಿ ಸಾಲದೆ ನಿಮ್ಮಮ್ಮ ಹಳೇ ಹಸಿರು ಪರದೆ ಕತ್ತರಿಸಿ ಸೇರಿಸಿದ್ರು ಅಂತ ನೀನೇ ಹೇಳಿ ನಕ್ಕಿದ್ದೆ."

ಅಕ್ಕ ಥಟ್ಟನೆ ತಲೆಯೆತ್ತಿ ಅವನ ಮುಖ ನೋಡಿದಳು.

ಭಾವ ತಲೆ ತಗ್ಗಿಸಿಕೊಂಡು, ಕಳ್ಳತನ ಒಪ್ಪಿಕೊಳ್ಳುವವನ ಹಾಗೆ ಹೇಳಿದ. ಹತ್ತಿ ಹಿಂಜುವ ಕಸುಬಿನವರಲ್ಲಿ ಒಂದು ರೂಢಿ. ಮದುವೆಯಾದ ಮೇಲೆ ಹೆಂಡತಿಯ ದಿಂಬಿನ ಅರ್ಧ ಹತ್ತಿ ತನ್ನ ದಿಂಬಿಗೆ, ತನ್ನದರಲ್ಲಿ ಅರ್ಧ ಅವಳ ದಿಂಬಿಗೆ. ಒಂದು ಎಳೆ ಕೂದಲೂ ಸೇರಿಸಬೇಕು. ಹಾಗೆ ಮಾಡಿದರೆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟುಹೋಗುವುದಿಲ್ಲ. ಸತ್ತವರ ದಿಂಬನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬಾರದು. ಮೊದಲಿನವಳದ್ದನ್ನು ಒಂದು ಎಳೆಯೂ ಉಳಿಸದೆ ಅವಳ ತಲೆಯ ಕೆಳಗೇ ಇಟ್ಟು ಕಳಿಸಿಕೊಟ್ಟಿದ್ದ.

"ನೀನು ಬಂದ ಹೊಸದರಲ್ಲಿ, ನಿನ್ನ ದಿಂಬು ಹಿಂಜಿಕೊಡ್ತೀನಿ ಅಂತ ಇಸ್ಕೊಂಡೆನಲ್ಲ... ಆವಾಗ. ಕೂದಲು ನಿನ್ನ ಬಾಚಣಿಗೆಯಿಂದ ತೆಗೆದದ್ದು."

"ನಂಗೆ ಹೇಳಬಾರದಿತ್ತಾ..."

"ನಗ್ತೀಯ ಅಂದ್ಕೊಂಡೆ. ಎರಡನೇ ಸಲದವನು. ನೀನು ಮನಸ್ಸಿಲ್ಲದೆ ಬಂದಿದ್ದೀಯ ಅಂತ ನಂಗೆ ಗೊತ್ತಿತ್ತು. ಯಾವತ್ತಾದ್ರೂ ಬಿಟ್ಟು ಹೋಗ್ತೀಯ ಅಂತ..."

"ಮತ್ತೆ ನಿದ್ದೇಲಿ... ಹೋಗಬೇಡ, ಹೋಗಬೇಡ ಅಂತಿದ್ರಲ್ಲ?"

"ನಿಂಗೇ ಹೇಳ್ತಿದ್ದೆ. ಹಗಲು ಬಾಯಿ ಬರಲ್ಲ ನಂಗೆ."

ಅಕ್ಕ ತನ್ನ ಜಡೆಯನ್ನು ಮುಂದಕ್ಕೆ ಎಳೆದು ನೋಡಿದಳು. ಅವಳ ಕೂದಲೂ ಉದ್ದವೇ. ಅವತ್ತು ಅದು ನೆನಪಿಗೇ ಬಂದಿರಲಿಲ್ಲ. ಹೊಟ್ಟೆಕಿಚ್ಚಿಗೆ ಬೇರೆಯವರ ಜಡೆಯಷ್ಟೇ ಕಾಣುವುದು, ಏನು ಮಾಡೋಣ?

"ಆ ದಿಂಬು ಬದಲಾದ ದಿನ..." ಭಾವ ಹೊಸ ದಿಂಬಿನ ಕಡೆ ಕೈ ತೋರಿಸಿದ. "ನಾನು ಮಾಡಿದ್ದು ನಿಂಗೆ ಗೊತ್ತಾಯ್ತು, ಬೇಡ ಅಂತ ತೆಗೆದುಹಾಕಿದೆ ಅಂದ್ಕೊಂಡೆ. ಅದಕ್ಕೇ ಕೇಳ್ಲಿಲ್ಲ."

ಇಬ್ಬರೂ ಅತ್ತರು. ಆಮೇಲೆ ಅದೇಕೋ ನಗುವೂ ಬಂತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳಿದವನು ಸಿಕ್ಕಿದರೆ ನಾನು ಅವನಿಗೆ ಇವರಿಬ್ಬರ ಕತೆ ಹೇಳಬೇಕು. "ಬೆಳಿಗ್ಗೆ ಪಾತಾಳಗರಡಿ ಕೊಕ್ಕೆ ಇಳಿಬಿಟ್ಟು ಚೀಲ ಎತ್ತೋಣ. ಒಣಗಿಸಿ ಮತ್ತೆ ಹಿಂಜಿದ್ರೆ ಆಯ್ತು," ಎಂದ ಭಾವ. ಆ ರಾತ್ರಿ ಹೊಸ ಹತ್ತಿಯ ದಿಂಬನ್ನು ನೆಲಕ್ಕೆ ಎಸೆದು, ಅಕ್ಕನ ದಿಂಬಿನ ಮೇಲೆಯೇ ಇಬ್ಬರೂ ತಲೆ ಇಟ್ಟು ಮಲಗಿದರು. ಅಷ್ಟು ಚೆನ್ನಾಗಿ ತಾನು ಎಂದೂ ನಿದ್ದೆ ಮಾಡಿರಲಿಲ್ಲ ಎನ್ನುತ್ತಾಳೆ ಅಕ್ಕ. ಅದನ್ನು ಹೇಳುವಾಗಲೇ ಅವಳಿಗೆ ಹೆಚ್ಚು ಅಳು ಬರುವುದು.

ಎಚ್ಚರವಾದಾಗ ಪಕ್ಕ ಖಾಲಿ. ಬಾಗಿಲು ತೆರೆದಿತ್ತು. ಕಿರ್ರ್ರ್... ಕಿರ್ರ್ರ್... ರಾಟೆ ನಿಲ್ಲದೆ ತಿರುಗುತ್ತಿತ್ತು.

ಅಕ್ಕ ಬರಿಗಾಲಲ್ಲಿ ಓಡಿದಳು. ತಿರುವಿನ ಹತ್ತಿರ ಬಂದಾಗ ಭಾವ ಕಣ್ಣಿಗೆ ಬಿದ್ದ. ಬಾವಿಕಟ್ಟೆಗೆ ಇನ್ನೂ ಸ್ವಲ್ಪ ದೂರವಿತ್ತು. ನಿಧಾನವಾಗಿ ನಡೆಯುತ್ತಿದ್ದ. ಕೈಯಲ್ಲಿ ಮಡಿಸಿದ ಒಂದು ಕಂಬಳಿ. ಅವನ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಹೆದರಿಕೆಯ ದನಿಯಲ್ಲ, ಇಷ್ಟು ವರ್ಷ ಅವಳು ಕೇಳಲು ಆಸೆಪಟ್ಟಿದ್ದ ದನಿ.

"ಚಳಿ ಆಗ್ತಿದೆಯಾ? ಇರು ಕಣೇ... ಬಂದೆ. ನೀನು ಅಂತ ಗೊತ್ತಿರಲಿಲ್ಲ ನಂಗೆ."

ತಿಳಿಯಿತಲ್ಲ? ಅಲ್ಲಿಯವರೆಗೆ ಅವನು ಆ ದನಿಗೆ ಹೆದರಿ ಕಿವಿ ಮುಚ್ಚಿಕೊಂಡಿದ್ದ. ಬಾವಿಯಲ್ಲಿರುವುದು ತನ್ನ ಹೆಂಡತಿಯ ಹತ್ತಿಯೇ ಎಂದು ಗೊತ್ತಾದ ಮೇಲೆ ಅವಳನ್ನು ಒಂದು ರಾತ್ರಿ ಕೂಡ ಚಳಿಯಲ್ಲಿ ಬಿಡಲು ಅವನಿಂದ ಆಗಲಿಲ್ಲ. ಹತ್ತಿ ಬಾವಿಯಲ್ಲಿದೆ ಎಂದು ಅವನಿಗೆ ಹೇಳಿದವಳು ಅಕ್ಕನೇ.

ಅಕ್ಕ ಬಾಯಿ ತೆರೆದು ಕೂಗಿದಳು. "ರೀ!"

ಕೂಗು ಬಾವಿಯೊಳಗಿಂದ ಬಂತು.

ಅವಳ ಗಂಟಲಲ್ಲಿ ಉಸಿರು ಮಾತ್ರ. ಕತ್ತಿನ ನರ ಉಬ್ಬಿತು, ತುಟಿ ಆಡಿತು, ಸದ್ದಿಲ್ಲ. ಮತ್ತೆ ಕೂಗಿದಳು, "ರೀ, ಬನ್ನಿ! ಇಲ್ಲಿ ಬನ್ನಿ!" ಆ ಮಾತೆಲ್ಲ ಒಂದಕ್ಷರ ಬಿಡದೆ ಬಾವಿಯ ಆಳದಿಂದ ಎದ್ದು ಬಂತು. ರೀ... ಬನ್ನಿ... ಇಲ್ಲಿ ಬನ್ನಿ... ಅವಳದೇ ದನಿ, ಬೀದಿಯ ಆ ತುದಿಗೆ ಕೇಳುವ ದನಿ. ಭಾವ ಹೆಜ್ಜೆ ಬೇಗ ಹಾಕಿದ. ತನ್ನ ಕೂಗೇ ಅವನನ್ನು ಅತ್ತ ಕರೆದೊಯ್ಯುತ್ತಿದೆ ಎಂದು ಅಕ್ಕನಿಗೆ ಹೊಳೆದು, ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದುಕೊಂಡು ಓಡಿದಳು. ತಡವಾಗಿತ್ತು. ಅವನು ಕಟ್ಟೆ ಹತ್ತಿ, ಮಲಗಿದ ಮಗುವಿಗೆ ಹೊದಿಸುವವನ ಹಾಗೆ ಕಂಬಳಿ ಬಿಡಿಸಿಕೊಂಡು ಬಗ್ಗಿದ.

ದುಡುಂ ಎಂಬ ಸದ್ದು ಬರಲಿಲ್ಲ. ಯಾವ ಸದ್ದೂ ಬರಲಿಲ್ಲ. ರಾಟೆ ನಿಂತುಹೋಯಿತು.

ಬೆಳಿಗ್ಗೆ ಜನ ಇಳಿದು ನೋಡಿದರು. ಬಾವಿಯೊಳಗೆ ನೀರಿಗಿಂತ ಒಂದಾಳು ಎತ್ತರದಲ್ಲಿ ಅಗಲವಾದ ಒಂದು ಕಲ್ಲು ಚಾಚಿಕೊಂಡಿದೆ, ಹಿಂದೆ ಹೂಳು ತೆಗೆಯುವವರು ನಿಲ್ಲಲು ಇಟ್ಟದ್ದು. ಭಾವ ಅದರ ಮೇಲೆ ಒಂದು ಮಗ್ಗುಲಾಗಿ, ಮನೆಯಲ್ಲಿ ಮಲಗುವ ಹಾಗೆಯೇ ಮಲಗಿದ್ದ. ಬಟ್ಟೆಯೆಲ್ಲ ನೆನೆದು ಮೈಗೆ ಅಂಟಿತ್ತು. ಉಸಿರಿರಲಿಲ್ಲ. ಪಕ್ಕದಲ್ಲೇ ಇದ್ದ ಚೀಲದ ಬಾಯಿ ಬಿಚ್ಚಿತ್ತು. ಅವನ ತಲೆಯ ಕೆಳಗೆ ಹತ್ತಿ, ನಡುನಡುವೆ ಹಸಿರು ಚೂರು. ಅಷ್ಟು ದಿನ ನೀರಿನಲ್ಲಿದ್ದ ಹತ್ತಿ, ಎತ್ತಿ ತಂದವನ ಕೈಯಲ್ಲಿ ಎಳೆಎಳೆಯಾಗಿ ಹಾರಾಡುತ್ತಿತ್ತು. ಒಣಗಿತ್ತು.

ಅದನ್ನು ಭಾವನ ತಲೆಯ ಕೆಳಗೇ ಇಟ್ಟು ಕಳಿಸಿದರು. ಅವನ ಕಸುಬಿನವರು ಬಂದು ಅಕ್ಕನ ದಿಂಬನ್ನೂ ಕೇಳಿದರು. ಅದರಲ್ಲಿ ಅರ್ಧ ಅವನದು, ಇಟ್ಟುಕೊಳ್ಳಬಾರದು ತಾಯಿ ಎಂದರು. ಅಕ್ಕ ಕೊಡಲಿಲ್ಲ. ಅಪ್ಪಿಕೊಂಡು ಕೂತಳು, ಬೈದರೂ ಕೊಡಲಿಲ್ಲ, ಬೇಡಿದರೂ ಕೊಡಲಿಲ್ಲ. ಇಸ್ತ್ರಿ ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಕ್ಕ ಅವಳನ್ನೂ ಏನೂ ಅನ್ನಲಿಲ್ಲ. ಅನ್ನಲು ದನಿಯಾದರೂ ಎಲ್ಲಿತ್ತು?

ಬಾವಿಗೆ ಚಪ್ಪಡಿ ಹಾಕಿ ಮುಚ್ಚಿದ್ದಾರೆ. ಊರು ಮಲಗಿದ ಮೇಲೆ ಅಕ್ಕ ಹೋಗಿ ಆ ಚಪ್ಪಡಿಯ ಮೇಲೆ ಕೂರುತ್ತಾಳೆ. ಹುಚ್ಚು ಹಿಡಿದಿದೆ ಎನ್ನುತ್ತಾರೆ ಬೀದಿಯವರು. ಒಂದು ಸಲ ನಾನೇ ಹೋಗಿ ಕೈ ಹಿಡಿದು ಎಬ್ಬಿಸಿದೆ. "ಯಾಕಕ್ಕಾ ಇಲ್ಲಿ ಕೂತು ಜೀವ ತೇಯ್ತೀಯ? ಏಳು," ಎಂದೆ. ಅವಳು ಬಾಯಿಯ ಮೇಲೆ ಬೆರಳಿಟ್ಟಳು.

"ಶ್... ಮಾತಾಡ್ತಿದ್ದಾರೆ."

"ಯಾರು?"

"ನಿಮ್ಮ ಭಾವ. ಎಷ್ಟು ಮಾತಾಡ್ತಾರೆ ಗೊತ್ತಾ... ಹಗಲು ಅಂಗಡಿಗೆ ಯಾರು ಬಂದ್ರು, ಏನಂದ್ರು, ಎಲ್ಲ ಹೇಳ್ತಾರೆ. ಅವಳು ನಗ್ತಾಳೆ."

"ಯಾರಕ್ಕಾ ಅವಳು?"

"ನಾನೇ ಕಣೋ," ಎಂದಳು ಅಕ್ಕ, ಆ ಉಸಿರಿನಂಥ ದನಿಯಲ್ಲಿ. "ನನ್ನ ದನೀಲೇ ನಗ್ತಾಳೆ. ನಾನು ಅವರ ಜೊತೆ ಒಂದು ದಿನವೂ ಹಾಗೆ ನಕ್ಕಿರಲಿಲ್ಲ."

ನನಗೆ ಏನೂ ಕೇಳಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ನಿಜವಾಗಿಯೂ ಕೇಳಿಸಲಿಲ್ಲ. ಅವಳನ್ನು ಮನೆಗೆ ಕರೆತಂದು ಮಲಗಿಸಿದೆ. ನಾನು ಹೊರಕೋಣೆಯಲ್ಲಿ ಬಿದ್ದುಕೊಂಡೆ. ಬೇಸಿಗೆ, ಸೂರು ಸೋರುವ ಮಾತೇ ಇಲ್ಲ, ಕುಡಿಯುವ ನೀರಿನ ಚೊಂಬು ಕೂಡ ಅಕ್ಕನ ಕೋಣೆಯಲ್ಲಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಹಿತ್ತಲಲ್ಲಿ ನಿಂತು ದಿಂಬು ಹಿಂಡುತ್ತಿದ್ದಳು. ಅವ್ವಂದಿರು ಮುಂಜಾನೆ ಬಟ್ಟೆ ಹಿಂಡುವ ಹಾಗೆ, ದಿನದ ಕೆಲಸದ ಹಾಗೆ. ಅರ್ಧ ದಿಂಬು ಒಣಗಿತ್ತು, ಅರ್ಧ ಒದ್ದೆ. ಒದ್ದೆ ಅರ್ಧ ಯಾರದು ಎಂದು ನಾನು ಕೇಳಲಿಲ್ಲ. ದಿನಾ ಹೀಗೇ, ಬಿಸಿಲಿಗೆ ಇಟ್ಟರೆ ಸಂಜೆಗೆ ಒಣಗುತ್ತೆ ಎಂದಳು.

ನೀವು ನಂಬಿ, ಬಿಡಿ. ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ. ನೀರು ತಣ್ಣಗಿತ್ತು, ತುಕ್ಕಿನ ವಾಸನೆ ಇತ್ತು.